ಪಟ್ಟಣ ಯೋಜನೆ ಓದಲು ನಮ್ಮ ಮಕ್ಕಳೂ ಹೋಗಲಿ

ರೈತರ ಮಕ್ಕಳು ಏನು ಓದಬೇಕು ಅಂತ ಮಾತು ಬಂದರೆ ನಮ್ಮ ಕಡೆ ಮೂರೇ ಉತ್ತರ. ಡಾಕ್ಟರು, ಇಂಜಿನಿಯರು, ಎರಡೂ ಆಗದಿದ್ದರೆ ಸರ್ಕಾರಿ ನೌಕರಿ. ಈಚೆಗೆ ಬಿಎಸ್ಸಿ ಅಗ್ರಿ ನಾಲ್ಕನೆಯದಾಗಿ ಸೇರಿದೆ. ಐದನೆಯದೊಂದನ್ನು ಸೇರಿಸಿಕೊಳ್ಳಿ ಅಂತ ಕೇಳೋಕೆ ಈ ಬರಹ. ಅದು ಪಟ್ಟಣ ಯೋಜನೆ. ಒಂದು ಡಿಗ್ರಿ ಆದ ಮೇಲೆ ಓದೋ ವಿದ್ಯೆ. ಇಲ್ಲೂ ಓದಬಹುದು, ಪರದೇಶದಲ್ಲೂ ಓದಬಹುದು. ಪಟ್ಟಣ ಕಟ್ಟೋ ವಿದ್ಯೆಗೂ ರಾಗಿ ಬೆಳೆಯೋ ನಮಗೂ ಏನು ಸಂಬಂಧ ಅಂತ ಪುಟ ತಿರುಗಿಸಬೇಡಿ. ಸಂಬಂಧ ನಿಮ್ಮ ಪಹಣಿಯಷ್ಟೇ ಹತ್ತಿರದ್ದು.

ನಾನು ಕೋಲಾರ ಸೀಮೆಯವನು. ಐದು ಎಕರೆ ಹತ್ತು ಗುಂಟೆ ಖುಷ್ಕಿ. ರಾಗಿ, ಅಕ್ಕಡಿಸಾಲಲ್ಲಿ ಅವರೆ, ಹಿಂಗಾರು ಕೈಕೊಟ್ಟರೆ ಹುರಳಿ. ಓದಿದ್ದು ಏಳನೇ ಕ್ಲಾಸು. ನಮ್ಮ ಊರು ಪಟ್ಟಣದಿಂದ ಏಳು ಕಿಲೋಮೀಟರು. ಏಳು ಕಿಲೋಮೀಟರು ಅಂದರೆ ಮೊದಲು ದೂರ, ಈಗ ಪಕ್ಕ. ಊರಿನ ಸರ್ವೆ ನಂಬರುಗಳನ್ನು ಪಟ್ಟಣದ ಯೋಜನಾ ಪ್ರದೇಶಕ್ಕೆ ಸೇರಿಸಿಕೊಂಡು ನಕಾಶೆ ಬರೆದರು. ಮನೆಗಳಿಗೆ ಹಳದಿ, ಕೈಗಾರಿಕೆಗೆ ನೇರಳೆ, ವ್ಯವಸಾಯಕ್ಕೆ ಹಸಿರು. ನಕಾಶೆಯನ್ನು ಕಛೇರಿ ಗೋಡೆಗೆ ಅಂಟಿಸಿದ್ದರು. ಪೇಪರಿನಲ್ಲೂ ಪ್ರಕಟಣೆ ಬಂದಿತ್ತಂತೆ, ನಮ್ಮೂರಿಗೆ ಆ ಪೇಪರು ಬರೋಲ್ಲ. ಆಕ್ಷೇಪಣೆ ಹೇಳೋ ಗಡುವು ಮುಗಿದ ಮೇಲೆ ನಮಗೆ ಗೊತ್ತಾಯಿತು. ನನ್ನ ಹೊಲ ಹಸಿರಲ್ಲೇ ಉಳಿದಿದೆ. ನಮ್ಮ ದಾಯಾದಿಯೊಬ್ಬರ ಎರಡೂವರೆ ಎಕರೆ ಮೇಲೆ ಮಾತ್ರ ಉದ್ದಕ್ಕೆ ಒಂದು ರಸ್ತೆ ಗುರುತು. ರಸ್ತೆ ಯಾವ ಕಾಲಕ್ಕೆ ಬರುತ್ತೋ ಯಾರಿಗೂ ತಿಳಿಯದು. ಅಲ್ಲಿಯವರೆಗೆ ಮನೆ ಕಟ್ಟೋ ಹಾಗಿಲ್ಲ, ಮಾರೋಣ ಅಂದರೆ ಕೊಳ್ಳೋರಿಲ್ಲ. ಅದರಾಚೆ ಹಳದಿ ಬಿದ್ದ ಹೊಲ ಇದೆ. ಮಣ್ಣು ಒಂದೇ, ಮಳೆ ಒಂದೇ, ಬೆಲೆ ಮಾತ್ರ ಹತ್ತು ಪಟ್ಟು. ಹಳದಿಯವನಿಗೆ ಭೂಪರಿವರ್ತನೆ ಸಲೀಸು, ಹಸಿರಿನವನಿಗೆ ಅಲೆದಾಟ.

ಈ ಬಣ್ಣಗಳನ್ನು ತುಂಬೋದು ಯಾರು? ಯಾವುದೋ ಗುಮಾಸ್ತ ಅಲ್ಲ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಅಂತ ಒಂದಿದೆ, ಅದರ ಕೆಳಗೆ ಕೆಲಸ ಮಾಡೋ ಯೋಜಕರು. ಕಾಯ್ದೆ ಹೆಸರಲ್ಲಿ ಗ್ರಾಮಾಂತರ ಅನ್ನೋ ಪದವೂ ಇದೆ ನೋಡಿ. ಆದರೆ ಆ ಕುರ್ಚಿಗಳಲ್ಲಿ ಕೂತವರಲ್ಲಿ ಎಷ್ಟು ಜನ ಕೂರಿಗೆ ಹಿಡಿದ ಮನೆಯಿಂದ ಬಂದವರು? ಕಡಿಮೆ ಅನ್ನೋದು ನನ್ನ ಅನುಭವ. ಅವರು ಕೆಟ್ಟವರು ಅಂತ ಹೇಳ್ತಾ ಇಲ್ಲ. ಹೊಲದ ಬದು ಯಾಕೆ ಸೊಟ್ಟಗಿರುತ್ತೆ ಅನ್ನೋದು ಅವರಿಗೆ ಗೊತ್ತಿಲ್ಲ, ಅಷ್ಟೇ. ಬದು ಸೊಟ್ಟಗಿರೋದು ನೀರು ಹಾಗೆ ಹರಿಯೋದರಿಂದ. ನಕಾಶೆಯಲ್ಲಿ ಅದು ಗೊತ್ತಾಗಲ್ಲ, ಅಡಿಪಟ್ಟಿ ಇಟ್ಟು ನೆಟ್ಟಗೆ ಗೆರೆ ಎಳೀತಾರೆ.

ನನ್ನ ತಂಗಿ ಮಗಳು ಸಿವಿಲ್ ಇಂಜಿನಿಯರಿಂಗ್ ಮುಗಿಸಿ, ಎರಡು ವರ್ಷ ಬಡಾವಣೆ ಮಾಡೋರ ಹತ್ತಿರ ಕೆಲಸ ಮಾಡಿ, ಆಮೇಲೆ ಈ ವಿದ್ಯೆ ಓದೋಕೆ ಲಂಡನ್ನಿಗೆ ಹೋದಳು. ಯೂನಿವರ್ಸಿಟಿ ಕಾಲೇಜಿನ ಡೆವಲಪ್‌ಮೆಂಟ್ ಪ್ಲಾನಿಂಗ್ ಯುನಿಟ್ ಅನ್ನೋ ವಿಭಾಗ. ನಮ್ಮಂಥ ದೇಶಗಳ ಊರುಗಳ ಬಗ್ಗೆಯೇ ಅಲ್ಲಿ ಪಾಠವಂತೆ. ನಮ್ಮೂರ ಪಾಠ ಕಲಿಯೋಕೆ ಅಷ್ಟು ದೂರ ಯಾಕಮ್ಮ ಅಂದೆ. ಅದಕ್ಕೆ ಅವಳು, "ಮಾಮ, ಈ ವಿಭಾಗ ಬೆಳೆಸಿದೋರು ಮೊದಲು ಬೆಂಗಳೂರಲ್ಲಿ ಮೈಸೂರು ಸರ್ಕಾರದ ಕೆಲಸದಲ್ಲಿದ್ದೋರು, ಗೊತ್ತಾ?" ಅಂದಳು.

ಗೊತ್ತಿರಲಿಲ್ಲ. ಓದುಗರಿಗೂ ಹೆಚ್ಚಿನವರಿಗೆ ಗೊತ್ತಿರಲಾರದು, ಅದಕ್ಕೆ ಬರೀತೀನಿ. ಅವರ ಹೆಸರು ಆಟೊ ಕೋನಿಗ್ಸ್‌ಬರ್ಗರ್. ಬರ್ಲಿನ್ನಿನವರು, ಹುಟ್ಟಿದ್ದು 1908. ಯಹೂದಿ ಮೂಲದವರು ಅಂತ ಹಿಟ್ಲರನ ಕಾಲದಲ್ಲಿ ಅಲ್ಲಿ ಕೆಲಸ ಹೋಯಿತು. 1939ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಸರ್ಕಾರಿ ವಾಸ್ತುಶಿಲ್ಪಿಯಾದರು. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲ ಅದು. ಟಾಟಾ ಇನ್‌ಸ್ಟಿಟ್ಯೂಟಿನ ಕೆಲವು ಕಟ್ಟಡಗಳು, ಬಸವನಗುಡಿ ಕೃಷ್ಣರಾವ್ ಪಾರ್ಕಿನ ಮಂಟಪ ಇವರ ಕೆಲಸ. 1948ರಲ್ಲಿ ಭುವನೇಶ್ವರದ ನಕಾಶೆ ಬರೆದರು. 1951ರಲ್ಲಿ ನಮ್ಮ ದೇಶ ಬಿಟ್ಟು ಲಂಡನ್ನಿಗೆ ಹೋದರು. ಅಲ್ಲಿ ಬಿಸಿಲು ದೇಶಗಳ ಕಟ್ಟಡ ವಿದ್ಯೆ ಕಲಿಸೋಕೆ 1954ರಲ್ಲಿ ಒಂದು ವಿಭಾಗ ಶುರುವಾಗಿತ್ತು, ಸ್ವಲ್ಪ ಕಾಲದ ನಂತರ ಇವರೇ ಅದರ ಮುಖ್ಯಸ್ಥರಾದರು. 1971ರಲ್ಲಿ ಅದು ಯೂನಿವರ್ಸಿಟಿ ಕಾಲೇಜಿಗೆ ಸೇರಿತು. ಈಗ ನಮ್ಮ ಹುಡುಗಿ ಓದಿದ್ದು ಅಲ್ಲೇ. ಅಂದರೆ ಮೈಸೂರು ಸೀಮೆಯಲ್ಲಿ ಕಲಿತದ್ದು ಲಂಡನ್ನಿಗೆ ಹೋಯಿತು, ಈಗ ನಾವು ಸಾಲ ಮಾಡಿ ಅಲ್ಲಿಂದ ವಾಪಸು ತರ್ತಾ ಇದೀವಿ.

ಆ ಮನುಷ್ಯರ ಒಂದು ಮಾತು ನನಗೆ ಹಿಡಿಸಿತು. 1964ರಲ್ಲೇ ಬರೆದಿದ್ದಾರೆ. ವೇಗವಾಗಿ ಬೆಳೆಯೋ ಊರಿಗೆ ವರ್ಷಗಟ್ಟಲೆ ಸರ್ವೆ ಮಾಡಿ ದೊಡ್ಡ ನಕಾಶೆ ಬರೆದು ಮುಗಿಸೋ ಹೊತ್ತಿಗೆ ಊರು ನಕಾಶೆಯನ್ನು ದಾಟಿ ಹೋಗಿರುತ್ತೆ, ಅದರ ಬದಲು ಇವತ್ತು ಆಗಬೇಕಾದ ಕೆಲಸ ಹಿಡಿದು ಮಾಡ್ತಾ ತಿದ್ದಿಕೊಳ್ಳಿ ಅನ್ನೋದು ಅದರ ತಾತ್ಪರ್ಯ. ಬೆಂಗಳೂರನ್ನೇ ನೋಡಿ. 2015ಕ್ಕೆ ಅಂತ ಬರೆದ ಯೋಜನೆಗೆ 2007ರಲ್ಲಿ ಒಪ್ಪಿಗೆ ಸಿಕ್ಕಿತು. 2031ಕ್ಕೆ ಅಂತ ಬರೆದ ಕರಡು 2017ರಲ್ಲಿ ಹೊರಗೆ ಬಂತು, 2020ರಲ್ಲಿ ವಾಪಸು ಹೋಯಿತು. ಈ ನಡುವೆ ಊರು ಯಾರನ್ನೂ ಕೇಳದೆ ಬೆಳೆದು ಹೊಸಕೋಟೆ ದಾಟಿ ನಮ್ಮ ಕಡೆ ಬಂದಿದೆ.

ಹುಡುಗಿ ಓದಿದ ಪಾಠಗಳನ್ನು ಫೋನಿನಲ್ಲಿ ಕೇಳ್ತಾ ಕೇಳ್ತಾ ನನಗೊಂದು ವಿಷಯ ಆಶ್ಚರ್ಯ ಅನ್ನಿಸಿತು. ಈ ವಿದ್ಯೆಯ ಹಿರಿಯರಲ್ಲಿ ನಮ್ಮ ಪೈಕಿಯವರು ಇದಾರೆ! ಪ್ಯಾಟ್ರಿಕ್ ಗೆಡ್ಡಿಸ್ ಅನ್ನೋರು ಸ್ಕಾಟ್ಲೆಂಡಿನವರು, ಡಂಡೀ ಅನ್ನೋ ಊರಲ್ಲಿ ಸಸ್ಯಶಾಸ್ತ್ರದ ಮೇಷ್ಟರು. 1914ರಲ್ಲಿ ನಮ್ಮ ದೇಶಕ್ಕೆ ಬಂದು ಎಷ್ಟೋ ಊರುಗಳಿಗೆ ವರದಿ ಬರೆದರು. ಮೊದಲು ನೋಡು, ಆಮೇಲೆ ಗೆರೆ ಎಳೆ, ಒಡೆಯೋದು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು ಅನ್ನೋದು ಅವರ ದಾರಿ. ಅವರದೊಂದು ಪ್ರಸಿದ್ಧ ಚಿತ್ರ ಇದೆಯಂತೆ. ಬೆಟ್ಟದ ನೆತ್ತಿಯಿಂದ ಸಮುದ್ರದವರೆಗೆ ಒಂದು ಕಣಿವೆಯನ್ನು ಉದ್ದಕ್ಕೆ ಸೀಳಿದ ಹಾಗೆ. ಮೇಲೆ ಕಾಡು ಕಡಿಯೋನು, ಬೇಟೆಯವನು, ಅದರ ಕೆಳಗೆ ಕುರಿ ಕಾಯೋನು, ಆಮೇಲೆ ಬಡ ರೈತ, ಇನ್ನೂ ಕೆಳಗೆ ಸ್ಥಿತಿವಂತ ರೈತ, ಕೊನೆಗೆ ಮೀನು ಹಿಡಿಯೋನು. ಪಟ್ಟಣವನ್ನು ಅರ್ಥ ಮಾಡಿಕೊಳ್ಳಬೇಕಾದರೆ ಈ ಇಡೀ ಕಣಿವೆಯನ್ನು ನೋಡಬೇಕು ಅಂತ ಅವರ ವಾದ. ನಾವು ಜಲಾನಯನ ಅಂತೀವಲ್ಲ, ಅದೇ. ನಮ್ಮೂರ ನೀರುಗಂಟಿಗೆ ಈ ಚಿತ್ರ ತೋರಿಸಿದ್ದರೆ ಇದರಲ್ಲಿ ಹೊಸದೇನಿದೆ ಅಂತಿದ್ದ.

ಇನ್ನೊಬ್ಬರು ಎಬೆನೀಜರ್ ಹೊವರ್ಡ್. ಅವರ ಕಥೆ ಇನ್ನೂ ಹತ್ತಿರ. ಲಂಡನ್ನಿನ ಹುಡುಗ, 1871ರಲ್ಲಿ ಅಮೆರಿಕಾದ ನೆಬ್ರಾಸ್ಕಾಕ್ಕೆ ಹೋಗಿ ಜಮೀನು ಹಿಡಿದ. ಅದು ಮಳೆ ನಂಬಿದ ಬಯಲು ಸೀಮೆ. ವ್ಯವಸಾಯ ಕೈಹತ್ತಲಿಲ್ಲ, ಬಿಟ್ಟು ಪಟ್ಟಣ ಸೇರಿದ. ಆಮೇಲೆ ವಾಪಸು ಬಂದು ಪಾರ್ಲಿಮೆಂಟಿನಲ್ಲಿ ಶೀಘ್ರಲಿಪಿ ಬರೆಯೋ ಕೆಲಸ. ಅಂಥವನು 1898ರಲ್ಲಿ ಪುಸ್ತಕ ಬರೆದು ಉದ್ಯಾನ ನಗರದ ಕಲ್ಪನೆ ಕೊಟ್ಟ. ಆರು ಸಾವಿರ ಎಕರೆ ತಗೊಳ್ಳಿ. ನಡುವೆ ಸಾವಿರ ಎಕರೆಯಲ್ಲಿ ಪಟ್ಟಣ, ಸುತ್ತ ಐದು ಸಾವಿರ ಎಕರೆ ವ್ಯವಸಾಯ. ಪಟ್ಟಣದ ಕಸ, ಹೊಲಸು ಹೊಲಕ್ಕೆ ಗೊಬ್ಬರ. ಭೂಮಿಯ ಬೆಲೆ ಏರಿದರೆ ಆ ಲಾಭ ಒಬ್ಬ ದಲ್ಲಾಳಿಗಲ್ಲ, ಊರಿಗೆ. 1903ರಲ್ಲಿ ಲೆಚ್‌ವರ್ತ್ ಅನ್ನೋ ಊರನ್ನು ಹಾಗೆ ಕಟ್ಟೋಕೆ ಶುರು ಮಾಡಿದರು, ಇವತ್ತಿಗೂ ಇದೆ. ನಾವು ಉದ್ಯಾನ ನಗರ ಅನ್ನೋ ಹೆಸರನ್ನು ಬೆಂಗಳೂರಿಗೆ ಇಟ್ಟುಕೊಂಡು ಉದ್ಯಾನ ಅಂದರೆ ಹೂಗಿಡ ಅಂದುಕೊಂಡೆವು. ಸುತ್ತಲ ಐದು ಸಾವಿರ ಎಕರೆಯನ್ನು ಮರೆತೆವು.

ಪಟ್ಟಣದ ಹೊಲಸು ಅಂದಾಗ ನಮ್ಮ ಜಿಲ್ಲೆಯವರಿಗೆ ಕೆ.ಸಿ. ವ್ಯಾಲಿ ನೆನಪಾಗದೆ ಇರಲ್ಲ. 2018ರ ಜೂನಿನಲ್ಲಿ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು ಲಕ್ಷ್ಮೀಸಾಗರದ ಕೆರೆಗೆ ಬಂತು, ಅಲ್ಲಿಂದ ಒಂದೊಂದೇ ಕೆರೆ ತುಂಬುತ್ತಾ ಹೋಯಿತು. ಒಣಗಿದ ಕೆರೆಗಳಲ್ಲಿ ನೀರು ಕಂಡದ್ದು ನಿಜ. ಮೂರನೇ ಹಂತದ ಶುದ್ಧೀಕರಣ ಮಾಡಿ ಕೊಡಿ ಅಂತ ಜನ ಕೂಗ್ತಾ ಬಂದಿರೋದೂ ನಿಜ. ಈ ವಾದದಲ್ಲಿ ಯಾರದು ಸರಿ ಅಂತ ಹೇಳೋಕೆ ಇನ್ನೊಂದು ಬರಹ ಬೇಕು. ನನ್ನ ಪ್ರಶ್ನೆ ಬೇರೆ. ಇಷ್ಟು ದೊಡ್ಡ ನೀರು ನಮ್ಮ ಕಡೆ ತಿರುಗಿಸೋವಾಗ ಯಾವ ನೀರಿಗೆ ಯಾವ ಬೆಳೆ, ಯಾವ ಬಾವಿ ಎಷ್ಟು ದೂರ ಅಂತ ಲೆಕ್ಕ ಹಾಕಿ ಪಟ್ಟಣ ಮತ್ತು ಹೊಲ ಎರಡನ್ನೂ ಒಂದೇ ಹಾಳೆ ಮೇಲೆ ಬರೆಯೋ ಒಬ್ಬ ರೈತನ ಮಗ ಆ ಮೇಜಿನ ಮುಂದೆ ಇದ್ದಿದ್ದರೆ?

ಈಗ ಭೂಮಿ ವಿಷಯಕ್ಕೆ ಬರೋಣ. ರೈತರಿಗೆ ಈ ಓದಿನಿಂದ ಆಗೋ ದೊಡ್ಡ ಉಪಯೋಗ ಅಲ್ಲೇ ಇರೋದು. ಪಟ್ಟಣ ಬೆಳೆಯಬೇಕು ಅಂದರೆ ನಮ್ಮಲ್ಲಿ ತಿಳಿದಿರೋದು ಎರಡೇ ದಾರಿ. ಸರ್ಕಾರ ಕಿತ್ತುಕೊಳ್ಳೋದು, ಇಲ್ಲ ದಲ್ಲಾಳಿ ಕೊಂಡುಕೊಳ್ಳೋದು. ಮೊದಲನೆಯದು ಹೇಗಿರುತ್ತೆ ಅಂತ ದೇವನಹಳ್ಳಿ ಚನ್ನರಾಯಪಟ್ಟಣ ಹೋಬಳಿಯವರನ್ನು ಕೇಳಿ. 1,777 ಎಕರೆ ಉಳಿಸಿಕೊಳ್ಳೋಕೆ ಮೂರು ವರ್ಷಕ್ಕಿಂತ ಹೆಚ್ಚು ಧರಣಿ ಕೂತರು, 2025ರ ಜುಲೈನಲ್ಲಿ ಸರ್ಕಾರ ಕೈಬಿಡ್ತೀವಿ ಅಂತು. ಎರಡನೆಯದಕ್ಕೆ 2020ರಲ್ಲಿ ಬಾಗಿಲು ಪೂರಾ ತೆರೆದರು. ಭೂಸುಧಾರಣಾ ಕಾಯ್ದೆಯ 79ಎ, 79ಬಿ ತೆಗೆದು, ರೈತನಲ್ಲದವನೂ ಹೊಲ ಕೊಳ್ಳಬಹುದು ಅಂತ ಮಾಡಿದರು.

ಮೂರನೇ ದಾರಿ ಇದೆ, ಬೇರೆ ದೇಶಗಳಲ್ಲಿ ನೂರು ವರ್ಷದಿಂದ ನಡೀತಾ ಇದೆ. ಜರ್ಮನಿಯ ಫ್ರಾಂಕ್‌ಫರ್ಟ್ ಊರಿನ ಮೇಯರ್ ಒಬ್ಬರು 1902ರಲ್ಲಿ ಅದಕ್ಕೆ ಕಾನೂನು ಮಾಡಿಸಿದರು. ಅವರ ಹೆಸರು ಆಡಿಕೆಸ್. (ಮಲೆನಾಡಿನವರು ಇದು ನಮ್ಮ ಅಡಿಕೆ ಅಂತ ಖುಷಿಪಡಬೇಡಿ, ಅವರಿಗೂ ನಿಮ್ಮ ತೋಟಕ್ಕೂ ಸಂಬಂಧ ಇಲ್ಲ.) ಅಕ್ಕಪಕ್ಕದ ಹೊಲಗಳನ್ನೆಲ್ಲ ಒಟ್ಟುಗೂಡಿಸಿ, ರಸ್ತೆ, ಚರಂಡಿ, ಪಾರ್ಕಿಗೆ ಎಲ್ಲರಿಂದಲೂ ಒಂದೊಂದು ಪಾಲು ಕಳೆದು, ಉಳಿದದ್ದನ್ನು ನೆಟ್ಟಗೆ ಮಾಡಿ ಅದೇ ಯಜಮಾನರಿಗೆ ವಾಪಸು ಕೊಡೋದು. ಅಳತೆ ಕಡಿಮೆಯಾಗುತ್ತೆ, ಬೆಲೆ ಹೆಚ್ಚಾಗುತ್ತೆ, ಯಾರೂ ಊರು ಬಿಡಬೇಕಾಗಿಲ್ಲ. ಜಪಾನಿನಲ್ಲಿ ಇದು ಹುಟ್ಟಿದ್ದೇ ಗದ್ದೆಯಲ್ಲಿ. ತುಂಡು ತುಂಡು ಗದ್ದೆ ಸೇರಿಸಿ ಸಾಲು ನೆಟ್ಟಗೆ ಮಾಡಿಕೊಳ್ಳೋಕೆ 1899ರಲ್ಲಿ ಮಾಡಿದ ಕಾನೂನನ್ನೇ ಆಮೇಲೆ ಪಟ್ಟಣಕ್ಕೆ ಹಿಗ್ಗಿಸಿದರು. ನಮ್ಮ ದೇಶದಲ್ಲೂ 1915ರ ಮುಂಬಯಿ ಕಾಯ್ದೆಯಿಂದ ಇದಕ್ಕೆ ಅವಕಾಶ ಇತ್ತು, ಗುಜರಾತಿನವರು ಇವತ್ತಿಗೂ ಅದನ್ನು ಬಿಟ್ಟಿಲ್ಲ. ಮೇಲಿನ ನಮ್ಮ ದಾಯಾದಿಯ ಎರಡೂವರೆ ಎಕರೆ ನೆನಪು ಮಾಡಿಕೊಳ್ಳಿ. ಈ ಪದ್ಧತಿ ಇದ್ದಿದ್ದರೆ ರಸ್ತೆಯ ಹೊರೆ ಸುತ್ತಲಿನ ನಲವತ್ತು ಮನೆಯವರ ಮೇಲೆ ಗುಂಟೆ ಗುಂಟೆಯಾಗಿ ಹಂಚಿ ಹೋಗ್ತಿತ್ತು. ಈಗ ಒಬ್ಬನ ಕುತ್ತಿಗೆಗೆ ಬಿದ್ದಿದೆ.

ಜಪಾನಿನದೇ ಇನ್ನೊಂದು ವಿಷಯ ಇದೆ. ಪಟ್ಟಣದ ಒಳಗೇ ವ್ಯವಸಾಯ ಮಾಡೋ ರೈತ, ಮೂವತ್ತು ವರ್ಷ ಇಲ್ಲೇ ಬೇಸಾಯ ಮಾಡ್ತೀನಿ ಅಂತ ಒಪ್ಪಿಕೊಂಡರೆ ಅವನ ಭೂಮಿಗೆ ಹೊಲದ ಲೆಕ್ಕದ ಕಂದಾಯ ಮಾತ್ರ. ಸೈಟಿನ ಕಂದಾಯ ಇಲ್ಲ. 1974ರ ಕಾಯ್ದೆ, 1991ರಲ್ಲಿ ತಿದ್ದುಪಡಿ. ಕಡಿಮೆ ಅಂದರೆ 500 ಚದರ ಮೀಟರು ಇರಬೇಕಿತ್ತು, ಅಂದರೆ ಸುಮಾರು ಐದು ಗುಂಟೆ. 2017ರಲ್ಲಿ ಅದನ್ನೂ 300ಕ್ಕೆ ಇಳಿಸಬಹುದು ಅಂದರು. ಟೋಕಿಯೋದಂಥ ಊರಿನ ಮನೆಗಳ ನಡುವೆ ಮೂಲಂಗಿ, ಎಲೆಕೋಸು ಬೆಳೀತಾರೆ ಅಂದರೆ ಅದರ ಹಿಂದೆ ಇಂಥ ಕಾನೂನಿದೆ. ನಮ್ಮಲ್ಲಿ ಹೊಲದ ಸುತ್ತ ಬಡಾವಣೆ ಎದ್ದರೆ ರೈತನೇ ಅಲ್ಲಿ ಪರಕೀಯ. ಅವನ ಎತ್ತು ಸಗಣಿ ಹಾಕಿದರೆ ಸಂಘದವರು ದೂರು ಕೊಡ್ತಾರೆ.

ಭೂಮಿ ಒಟ್ಟುಗೂಡಿಸೋದೆಲ್ಲ ಸಲೀಸು ಅಂತ ಯಾರೂ ತಿಳಿಯಬಾರದು. ಪಕ್ಕದ ಆಂಧ್ರದ ಅಮರಾವತಿಯಲ್ಲಿ ರಾಜಧಾನಿಗೆ ಅಂತ 2015ರ ಹೊತ್ತಿಗೆ ರೈತರು ಸುಮಾರು 33,000 ಎಕರೆ ಒಪ್ಪಿಸಿದರು. ಖುಷ್ಕಿ ಎಕರೆಗೆ ವರ್ಷಕ್ಕೆ 30,000 ರೂಪಾಯಿ, ನೀರಾವರಿಗೆ 50,000, ಜೊತೆಗೆ ಅಭಿವೃದ್ಧಿಯಾದ ಸೈಟು ಅನ್ನೋ ಮಾತು. 2019ರಲ್ಲಿ ಸರ್ಕಾರ ಬದಲಾಯಿತು, ರಾಜಧಾನಿ ಮೂರು ಅಂದರು, ಕೆಲಸ ನಿಂತಿತು. ಭೂಮಿ ಕೊಟ್ಟವರು ಹೊಲವೂ ಇಲ್ಲ ಸೈಟೂ ಇಲ್ಲ ಅಂತ ವರ್ಷಗಟ್ಟಲೆ ಬೀದಿಯಲ್ಲಿ ನಿಂತರು. 2024ರಲ್ಲಿ ಮತ್ತೆ ಸರ್ಕಾರ ಬದಲಾದ ಮೇಲೆ ಕೆಲಸ ಹಿಡಿದರು. ಒಂದೇ ಸಲ ಅಷ್ಟು ದೊಡ್ಡದಕ್ಕೆ ಕೈಹಾಕಿ ಒಂದು ಸರ್ಕಾರದ ಮಾತು ನಂಬಿದರೆ ಹೀಗೇ. ಪುಣೆ ಹತ್ತಿರ ಹಡಪ್ಸರಿನಲ್ಲಿ ಕಬ್ಬು ಬೆಳೀತಿದ್ದ ನೂರಿಪ್ಪತ್ತರಷ್ಟು ಮನೆಯವರು ಬೇರೆ ಥರ ಮಾಡಿದರು. ಸುಮಾರು 400 ಎಕರೆ ತಾವೇ ಒಟ್ಟುಗೂಡಿಸಿ, ಕಂಪನಿ ಮಾಡಿ, ಭೂಮಿ ಅಳತೆ ಮೇಲೆ ಷೇರು ಹಂಚಿಕೊಂಡು ಮಗರ್‌ಪಟ್ಟಾ ಅನ್ನೋ ಊರು ಕಟ್ಟಿದರು. ಎಲ್ಲರಿಗೂ ಅದು ಸಾಧ್ಯ ಅನ್ನೋದಿಲ್ಲ. ಅಲ್ಲಿ ಮುಕ್ಕಾಲುಪಾಲು ನೆಂಟರು, ಮುಂದಾಳು ಒಬ್ಬರು, ಪಕ್ಕದಲ್ಲಿ ಪುಣೆ. ನಮ್ಮಲ್ಲಿ ಅಣ್ಣತಮ್ಮಂದಿರ ಪಾಲುಪಟ್ಟಿಯೇ ಕೋರ್ಟಿನಲ್ಲಿರುತ್ತೆ. ಆದರೂ ಒಂದು ಕಡೆ ಏನಾಯಿತು, ಇನ್ನೊಂದು ಕಡೆ ಯಾಕೆ ಕೆಟ್ಟಿತು ಅಂತ ಪಕ್ಕಪಕ್ಕದಲ್ಲಿಟ್ಟು ನೋಡೋದನ್ನೇ ಅಲ್ಲಿ ಕಲಿಸ್ತಾರಂತೆ. ಆ ವಿದ್ಯೆ ಬೇಕಾಗಿರೋದು ನಮಗೆ.

ಖರ್ಚಿನ ಮಾತು. ಇಂಗ್ಲೆಂಡಿನಲ್ಲಿ ಈ ಓದು ಸಾಮಾನ್ಯವಾಗಿ ಒಂದು ವರ್ಷ, ಅಮೆರಿಕಾದಲ್ಲಿ ಎರಡು. ಲಂಡನ್ನಿನಂಥ ಊರಲ್ಲಿ ಫೀಸು, ಬಾಡಿಗೆ, ಊಟ ಸೇರಿ 40 ಲಕ್ಷ ದಾಟೋದು ಮಾಮೂಲು. ಬ್ಯಾಂಕಿನವರು ದೊಡ್ಡ ಸಾಲಕ್ಕೆ ಅಡಮಾನ ಕೇಳ್ತಾರೆ, ಆದರೆ ವ್ಯವಸಾಯದ ಪಹಣಿ ತೋರಿಸಿದರೆ ಹೆಚ್ಚಾಗಿ ತಲೆ ಅಲ್ಲಾಡಿಸ್ತಾರೆ, ಸೈಟು ಇಲ್ಲ ಮನೆ ತನ್ನಿ ಅಂತಾರೆ. ಹಸಿರು ಹೊಲಕ್ಕೆ ಅಲ್ಲೂ ಬೆಲೆ ಇಲ್ಲ ನೋಡಿ! ನನ್ನ ತಂಗಿ ಮನೆಯವರು ಊರ ಮನೆ ಅಡ ಇಟ್ಟಿದಾರೆ. ಹೊಲ ಮಾರಿ ಓದಿಸಿ ಅಂತ ನಾನು ಯಾರಿಗೂ ಹೇಳೋದಿಲ್ಲ, ಹೇಳಬಾರದು. ಬೇರೆ ದಾರಿಗಳಿವೆ. ಪರಿಶಿಷ್ಟ ಜಾತಿಯವರಿಗೆ, ಅಲೆಮಾರಿಗಳಿಗೆ, ಭೂರಹಿತ ಕೃಷಿ ಕೂಲಿಕಾರರ ಮಕ್ಕಳಿಗೆ ಕೇಂದ್ರ ಸರ್ಕಾರದ ನ್ಯಾಷನಲ್ ಓವರ್‌ಸೀಸ್ ವಿದ್ಯಾರ್ಥಿವೇತನ ಇದೆ. ಕೂಲಿಕಾರರಿಗೂ ಇದೆ ಅನ್ನೋದು ನಮ್ಮ ಹಳ್ಳಿಗಳಲ್ಲಿ ಗೊತ್ತೇ ಇಲ್ಲ, ದಯವಿಟ್ಟು ನಾಲ್ಕು ಜನಕ್ಕೆ ಹೇಳಿ. ಬ್ರಿಟನ್ನಿನವರ ಕಾಮನ್‌ವೆಲ್ತ್, ಚೀವ್ನಿಂಗ್ ವೇತನಗಳಿವೆ. ಚೀವ್ನಿಂಗಿಗೆ ಎರಡು ವರ್ಷ ಕೆಲಸ ಮಾಡಿರಬೇಕು, ಓದಿದ ಮೇಲೆ ಎರಡು ವರ್ಷ ವಾಪಸು ಬಂದು ಇಲ್ಲಿರಬೇಕು. ಈ ಕೊನೆಯ ಕರಾರು ನನಗೆ ಬಹಳ ಇಷ್ಟ. ಜರ್ಮನಿಯ ಹಲವು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವೇ ಇಲ್ಲ. ಅಲ್ಲಿನ ಡಾರ್ಟ್‌ಮುಂಡಿನಲ್ಲಿ 1984ರಲ್ಲಿ ಶುರುವಾದ ಒಂದು ಕೋರ್ಸಿನಲ್ಲಿ ಒಂದು ವರ್ಷ ಜರ್ಮನಿಯಲ್ಲಿ, ಇನ್ನೊಂದು ವರ್ಷ ಘಾನಾ, ತಾಂಜಾನಿಯಾದಂಥ ದೇಶಗಳಲ್ಲಿ ಓದಿಸ್ತಾರೆ. ಬಿಸಿಲು, ಬರ, ಬಡತನ ಕಂಡ ಊರುಗಳು ಅವು. ಇದಾವುದೂ ಆಗದಿದ್ದರೆ ಮೈಸೂರು ವಿಶ್ವವಿದ್ಯಾಲಯದಲ್ಲಿ, ಅಹಮದಾಬಾದಿನಲ್ಲಿ, ದಿಲ್ಲಿಯಲ್ಲಿ ಇದೇ ವಿದ್ಯೆ ಇದೆ. ಅದೇನು ಕಡಿಮೆಯಲ್ಲ. ಇಂಜಿನಿಯರಿಂಗೇ ಆಗಬೇಕು ಅಂತಿಲ್ಲ, ಭೂಗೋಳ, ಅರ್ಥಶಾಸ್ತ್ರ ಓದಿದವರನ್ನೂ ಎಷ್ಟೋ ಕಡೆ ತಗೋತಾರೆ.

ಆಕ್ಷೇಪಣೆ ನನಗೂ ಇದೆ. ಪರದೇಶದಲ್ಲಿ ಓದಿ ಬಂದವರು ನಮ್ಮಂಥ ಊರಿಗೆ ಒಂದು ಹೆಸರು ತರ್ತಾರೆ, ಪೆರಿ-ಅರ್ಬನ್ ಅಂತ. ಅತ್ತ ಹಳ್ಳಿಯೂ ಅಲ್ಲ, ಇತ್ತ ಪಟ್ಟಣವೂ ಅಲ್ಲ ಅಂತ ಅರ್ಥ. ಹೆಸರಿಟ್ಟ ಮೇಲೆ ಅದರ ಬಗ್ಗೆ ಸೆಮಿನಾರ್ ಮಾಡ್ತಾರೆ, ಕಂಪನಿ ಸೇರ್ತಾರೆ, ಮಾಲ್ ಕಟ್ಟೋರಿಗೆ ಸಲಹೆ ಕೊಡ್ತಾರೆ. ಸಂವಿಧಾನಕ್ಕೆ 1992ರಲ್ಲಿ ತಿದ್ದುಪಡಿ ಮಾಡಿ ಜಿಲ್ಲಾ ಯೋಜನಾ ಸಮಿತಿ ಅಂತ ಇಟ್ಟಿದಾರೆ. ಪಂಚಾಯಿತಿ ಯೋಜನೆ, ಪುರಸಭೆ ಯೋಜನೆ ಎರಡನ್ನೂ ಸೇರಿಸಿ ಒಂದು ಮಾಡೋದು ಅದರ ಕೆಲಸ. ಐದರಲ್ಲಿ ನಾಲ್ಕು ಪಾಲು ಸದಸ್ಯರು ನಾವು ಓಟು ಹಾಕಿ ಗೆಲ್ಲಿಸಿದವರಲ್ಲಿಂದಲೇ ಬರಬೇಕು. ಓದಿದವರು ಕೂರಬೇಕಾದ್ದು ಆ ಸಮಿತಿಯ ಪಕ್ಕದಲ್ಲಿ. ಅಲ್ಲಿ ಸಂಬಳ ಕಡಿಮೆ, ಹಾಗಾಗಿ ಯಾರೂ ಬರೋಲ್ಲ. ಸರ್ಕಾರ ಪ್ರತಿ ತಾಲ್ಲೂಕಿಗೆ ಒಬ್ಬ ಯೋಜಕನನ್ನು ಪಂಚಾಯಿತಿ ಕಡೆಯಿಂದ ನೇಮಿಸಲಿ, ಅವನು ನಕಾಶೆಯನ್ನು ಗ್ರಾಮಸಭೆಯಲ್ಲಿ ಹರಡಿ ಕನ್ನಡದಲ್ಲಿ ಓದಿ ಹೇಳಲಿ. ರಸ್ತೆ ಗುರುತು ಬಿದ್ದ ಪ್ರತಿ ಸರ್ವೆ ನಂಬರಿನ ಯಜಮಾನನಿಗೆ ಮನೆಗೆ ನೋಟೀಸು ಬರಲಿ. ಈ ಎರಡನ್ನು ಕೇಳೋಕೆ ಲಂಡನ್ನಿನ ಓದು ಬೇಡ, ನಾವೇ ಕೇಳಬೇಕು.

ನಮ್ಮ ಹುಡುಗಿ ಓದು ಮುಗಿಸಿ ಬಂದಿದಾಳೆ, ಸದ್ಯಕ್ಕೆ ಬೆಂಗಳೂರಲ್ಲಿ ಕೆಲಸ. ಯುಗಾದಿಗೆ ಬಂದಾಗ ಹಳೇ ಗ್ರಾಮ ನಕಾಶೆಯನ್ನೂ ಹೊಸ ಬಣ್ಣದ ನಕಾಶೆಯನ್ನೂ ಒಂದರ ಮೇಲೊಂದು ಇಟ್ಟು ನಮ್ಮ ಜಗುಲಿ ಮೇಲೆ ಹರಡಿದಳು. ಹೊಸದರಲ್ಲಿ ಊರಿನ ಮೂರು ಕಾಲುವೆ ಇಲ್ಲವೇ ಇಲ್ಲ. ಒಂದರ ಮೇಲೆ ಹಳದಿ, ಇನ್ನೆರಡರ ಮೇಲೆ ಅದೇ ರಸ್ತೆ. ದಾಯಾದಿಯವರೂ ಬಂದು ನೋಡಿದರು. ಗಡುವು ಮುಗಿದಿದ್ದರೂ, ನಕಾಶೆ ಪರಿಷ್ಕರಣೆಗೆ ಬರೋವಾಗ ಇದನ್ನು ಸೇರಿಸಿ ಅಂತ ಊರಿನವರೆಲ್ಲ ರುಜು ಹಾಕಿ ಅರ್ಜಿ ಕೊಡೋದು ಅಂತಾಯಿತು. ಅದಕ್ಕೆ ಮೊದಲು ಅವಳು ನನಗೊಂದು ಕೆಲಸ ಹಚ್ಚಿದಾಳೆ. "ಮಾಮ, ಊರಲ್ಲಿರೋ ಕಾಲುವೆ, ಕುಂಟೆ, ಕಟ್ಟೆ ಎಲ್ಲದರ ಹೆಸರು ಬರೆದಿಡಿ, ಯಾವ ಸರ್ವೆ ನಂಬರಿಂದ ಯಾವುದಕ್ಕೆ ಹೋಗುತ್ತೆ ಅಂತ" ಅಂದಳು. ಇಲ್ಲಿಯವರೆಗೆ ಹನ್ನೊಂದು ಸಿಕ್ಕಿವೆ. ಉಳಿದವು ನೀರುಗಂಟಿ ಮನೆಯ ಅಜ್ಜನಿಗೆ ಗೊತ್ತು. ಅವರಿಗೆ ಎಂಬತ್ತು ದಾಟಿದೆ, ಕಣ್ಣು ಮಂಜು. ಮಳೆ ಶುರುವಾಗೋ ಮೊದಲು ಅವರನ್ನು ಕೈಹಿಡಿದು ಕೆರೆ ಏರಿಯಿಂದ ಮೇಲಕ್ಕೆ ಒಂದು ಸುತ್ತು ಕರಕೊಂಡು ಹೋಗಬೇಕು.